ಭಾಗ 5: ಮೂರು ಸಾವಿರ ಮಂದಿ ನೋಡ್ಯಾರ, ಫೋನ್ ಯಾಕ ಬರವಲ್ದು?

"ಬೂಸ್ಟ್" ಬಟನ್ ಕಂಡಾಗೆಲ್ಲಾ ಕೈ ತುರಿಸುತ್ತೆ ಅಲ್ವಾ? ಒತ್ತೋಕೆ ಮುಂಚೆ ಇದನ್ನ ಓದಿ. ಕಾಸ್ಟ್ ಅಕೌಂಟಿಂಗ್‌ಗಿಂತ ಸುಲಭ ಇದೆ, ಪ್ರಾಮಿಸ್.

ಧಾರವಾಡದಲ್ಲಿ ನಮ್ಮ ಕಾಕು ಮನೇಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರ್ತಾಳೆ. ರೊಟ್ಟಿ ಬಡಿಯೋಕೆ ಇಬ್ಬರು ಬರ್ತಾರೆ. ಆರ್ಡರ್ ಇಲ್ಲದ ದಿನ ಅವರಿಗೆ ಪಗಾರ ಇಲ್ಲ. ಈಗ ಓಣಿಯ ಕಿರಾಣಿ ಅಂಗಡೀಲೂ ಪ್ಯಾಕೆಟ್ ರೊಟ್ಟಿ ಬಂದಿದೆ. ಅದಕ್ಕೇ ಕಾಕು ಆ್ಯಡ್‌ಗೆ ಅಂತ 2,000 ರೂಪಾಯಿ ತೆಗೆದಿಟ್ಟು, "ಲೆಕ್ಕ ನೀನ ಇಡು, ಬಿಕಾಂ ಓದ್ತೀಯಲ್ಲ" ಅಂದ್ಲು.

ದಿನಕ್ಕೆ 100ರ ಹಾಗೆ ನಾಲ್ಕು ದಿನ ಹಾಕಿದ್ವಿ. ರೀಚ್ 3,200, ಇಂಪ್ರೆಷನ್ 8,000. ಕಾಕು ಫೋನ್ ಹಿಡ್ಕೊಂಡು ಕೇಳಿದ್ಲು: "ಮೂರ್ ಸಾವಿರ ಮಂದಿ ನೋಡ್ಯಾರ ಅಂತೀ, ಒಬ್ರರ ಯಾಕ ಫೋನ್ ಮಾಡವಲ್ರು?"

ಒಳ್ಳೇ ಪ್ರಶ್ನೆ. ಉತ್ತರ ಆ ನಂಬರ್‌ಗಳಲ್ಲೇ ಇದೆ. ರೀಚ್ ಅಂದ್ರೆ ಎಷ್ಟು ಜನಕ್ಕೆ ತಲುಪಿತು ಅಂತ. ಇಂಪ್ರೆಷನ್ ಅಂದ್ರೆ ಒಟ್ಟು ಎಷ್ಟು ಸಲ ಸ್ಕ್ರೀನ್ ಮೇಲೆ ಬಂತು ಅಂತ. 8,000ನ್ನ 3,200ರಿಂದ ಭಾಗಿಸಿದ್ರೆ 2.5, ಅದೇ ಫ್ರೀಕ್ವೆನ್ಸಿ. 400 ರೂಪಾಯಿಗೆ 8,000 ಸಲ ಅಂದ್ರೆ ಸಾವಿರ ಸಲಕ್ಕೆ 50 ರೂಪಾಯಿ, ಅದು ಸಿಪಿಎಂ. (ಆ ಎಂ ಅಂದ್ರೆ ಮಿಲಿಯನ್ ಅಲ್ಲ, ಲ್ಯಾಟಿನ್‌ನ ಮಿಲ್ಲೆ, ಸಾವಿರ. ವೈವಾದಲ್ಲಿ ಕೇಳಿದ್ರೆ ನನ್ನ ನೆನೆಸ್ಕೊಳ್ಳಿ.) ಜೊತೆಗೆ ಶೇ. 18 ಜಿಎಸ್‌ಟಿ. ಹಾಗಾಗಿ ಜೇಬಿಂದ ಹೋಗಿದ್ದು 472.

ಈಗ ಕಾಕು ಪ್ರಶ್ನೆಗೆ ಬರೋಣ. ರಾತ್ರಿ ಹತ್ತಕ್ಕೆ ಹಾಸಿಗೇಲಿ ಸ್ಕ್ರೋಲ್ ಮಾಡೋ ನೀವು ರೊಟ್ಟಿ ಆ್ಯಡ್ ನೋಡಿ ತಕ್ಷಣ ಫೋನ್ ಮಾಡ್ತೀರಾ? ಇಲ್ಲ. ಆದ್ರೆ ಮುಂದಿನ ವಾರ ಮನೇಗೆ ನೆಂಟರು ಬಂದಾಗ ಆ ಹೆಸರು ನೆನಪಾಗಬೇಕು. ಅವೇರ್ನೆಸ್ ಕೊಂಡುಕೊಳ್ಳೋದು ಆ ನೆನಪನ್ನ. ಆ್ಯಡ್ ಸಿಸ್ಟಮ್ ನೀವು ಯಾವ ಗುರಿ ಆರಿಸ್ತೀರೋ ಅಂಥವರನ್ನೇ ಹುಡುಕುತ್ತೆ. ಅವೇರ್ನೆಸ್ ಅಂದ್ರೆ ನೋಡೋರನ್ನ, ಮೆಸೇಜ್ ಅಂದ್ರೆ ಮೆಸೇಜ್ ಮಾಡೋ ಸಾಧ್ಯತೆ ಇರೋರನ್ನ. ಹೊಸ ಹೆಸರಿಗೆ ಮೊದಲನೇದು ಬೇಕು, ಆದ್ರೆ ಅದರಿಂದ ಗಲ್ಲಾ ತುಂಬುತ್ತೆ ಅಂತ ಮನೆಯವರಿಗೆ ಆಸೆ ಹುಟ್ಟಿಸಬೇಡಿ. ನಾನು ಶುರುವಿನಲ್ಲೇ ಹೇಳಿದ್ದೆ, ಕಾಕು ಆಗ ಹೂಂ ಅಂದಿದ್ಲು!

ಕಡಿಮೆ ದುಡ್ಡಲ್ಲಿ ನಿಜಕ್ಕೂ ಕೆಲಸ ಮಾಡೋದು ಲೊಕೇಶನ್. ಇಡೀ ಕರ್ನಾಟಕ ಅಂತ ಬಿಟ್ರೆ ಕೋಲಾರದವರಿಗೂ ರೊಟ್ಟಿ ಕಾಣುತ್ತೆ, ಅಲ್ಲಿಗೆ ಕಾಕು ಸ್ಕೂಟಿ ಹೋಗಲ್ಲ. ನಾವು ಸಪ್ತಾಪುರದ ಸುತ್ತ ಕೆಲವೇ ಕಿಲೋಮೀಟರ್ ಇಟ್ವಿ. ಕೋಚಿಂಗ್‌ಗೆ ಅಂತ ಬಂದು ರೂಮ್ ಮಾಡ್ಕೊಂಡಿರೋ ಹುಡುಗ್ರು ಅಲ್ಲಿ ತುಂಬಿದ್ದಾರೆ, ಅವರಿಗೆ ಮನೆ ರೊಟ್ಟಿಯ ಹಸಿವು ಇದೆ. ವೀಡಿಯೋ ಶುರುವಾಗಿದ್ದೇ ರೊಟ್ಟಿ ಬಡಿಯೋ ಸದ್ದಿನಿಂದ, ಹೆಸರು ಮೊದಲ ಫ್ರೇಮಲ್ಲೇ. ಎಷ್ಟೋ ಜನ ಸೌಂಡ್ ಆಫ್ ಮಾಡಿ ನೋಡ್ತಾರೆ, ಅದಕ್ಕೆ ದೊಡ್ಡ ಅಕ್ಷರದಲ್ಲಿ ಕನ್ನಡ ಕೂಡ.

ಪುಕ್ಕಟೆ ಸಿಗೋದನ್ನ ಮೊದಲು ಮುಗಿಸಿ: ಗೂಗಲ್ ಬಿಸಿನೆಸ್ ಪ್ರೊಫೈಲ್, ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗ್. ಪ್ರೊಫೈಲ್‌ನಲ್ಲಿ ಜನ ಯಾವ ಪದ ಹುಡುಕಿ ಬಂದ್ರು ಅಂತ ಕಾಣುತ್ತೆ. "ರೊಟ್ಟಿ" ಅಂತ ಅಲ್ಲ, ನಿಮ್ಮ ಹೆಸರೇ ಹುಡುಕಿ ಬಂದ್ರೆ ಬ್ರ್ಯಾಂಡ್ ತಲೆಯಲ್ಲಿ ಕೂತಿದೆ ಅಂತ ಅರ್ಥ. ಫಾಲೋವರ್ಸ್ ಮಾರೋರ ಹತ್ರ ಮಾತ್ರ ಹೋಗಬೇಡಿ, ಅವರ್ಯಾರೂ ರೊಟ್ಟಿ ತಿನ್ನಲ್ಲ. ಫುಡ್ ಪೇಜ್‌ನವರಿಗೆ ದುಡ್ಡು ಕೊಟ್ಟು ಹಾಕಿಸಿದ್ರೆ "ಜಾಹೀರಾತು" ಅಂತ ಸ್ಪಷ್ಟವಾಗಿ ತೋರಿಸಬೇಕು. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರಲ್ಲೇ ಈ ನಿಯಮ ತಂದಿದೆ.

ಈಗ ಅಡುಗೆಮನೆ ಗೋಡೆಗೆ ಒಂದು ನೋಟ್‌ಬುಕ್ ನೇತು ಹಾಕಿದೀನಿ. ಹೊಸಬರು ಯಾರೇ ಫೋನ್ ಮಾಡಿದ್ರೂ ಕಾಕು "ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೀತಾಳೆ. ಇಲ್ಲಿವರೆಗೆ ಏಳು ಹೆಸರು. ನಾಲ್ಕರ ಮುಂದೆ "ಇನ್ಸ್ಟಾ", ಮೂರರ ಮುಂದೆ "ಬಾಜೂ ಮನಿಯವ್ರು ಹೇಳಿದ್ರು".

ಉಳಿದಿರೋದು 1,528. ನಾನು ಮೆಸೇಜ್ ಗುರಿ ಇಟ್ಟು ಇನ್ನೊಂದು ವಾರ ಹಾಕೋಣ ಅಂತೀನಿ. ಕಾಕು, ಜೋಳದ ರೇಟ್ ಏರೋ ಮುಂಚೆ ಒಂದಿಷ್ಟು ತಂದಿಡೋಣ ಅಂತಾಳೆ. ನೀವಾಗಿದ್ರೆ ಏನ್ ಮಾಡ್ತಿದ್ರಿ? ಕಾಮೆಂಟ್ ಹಾಕಿ, ಕಾಕುಗೆ ಓದಿ ಹೇಳ್ತೀನಿ.