ಐನೂರು ಗ್ರಾಂ

ನಮ್ಮ ಮನೆಗೆ ಪಿಸ್ತೂಲು ಬಂದ ಸುದ್ದಿ ಹುಣಸೂರಿನಲ್ಲಿ ಹೊಗೆಸೊಪ್ಪಿನ ಹರಾಜಿನ ದರಕ್ಕಿಂತ ಬೇಗ ಹರಡಿತು. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು, ಒಂದು ದಿನವೂ ಬೆತ್ತ ಹಿಡಿಯದ ಮೇಷ್ಟರ ಮನೆಗೆ ಪಿಸ್ತೂಲು! ಎದುರುಮನೆಯ ನಿವೃತ್ತ ಶಿರಸ್ತೇದಾರರು ಬಂದು, ಕಾಫಿ ಕುಡಿದು, ಮೆಲ್ಲನೆ ಲೈಸೆನ್ಸಿನ ಮಾತೆತ್ತಿದರು. ಇದು 4.5 ಮಿಲಿಮೀಟರಿನ ಏರ್ ಪಿಸ್ತೂಲು, ಇದರ ಶಕ್ತಿ 20 ಜೂಲ್ ಮೀರುವುದಿಲ್ಲ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಆದರೆ ಅಂದಿನಿಂದ ನನ್ನನ್ನು ಏಕವಚನದಲ್ಲಿ ಕರೆಯುವುದನ್ನು ನಿಲ್ಲಿಸಿದರು.

ಪಿಸ್ತೂಲು ನನ್ನದಲ್ಲ, ಹದಿನೇಳು ವರ್ಷದ ಮಗಳದು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಒಂದೇ ಒಲಿಂಪಿಕ್ಸಿನಲ್ಲಿ ಎರಡು ಕಂಚು ಗೆದ್ದದ್ದನ್ನು ಕಂಡವಳು, ನನಗೂ ಬೇಕು ಎಂದಳು. ಹೊಸದಕ್ಕೆ ಎರಡು ಲಕ್ಷದ ಹತ್ತಿರ ಹೇಳಿದರು. ಯಾರೋ ಬಳಸಿ ಬಿಟ್ಟದ್ದನ್ನು, ನನ್ನ ಪ್ರಾವಿಡೆಂಟ್ ಫಂಡನ್ನು ಸ್ವಲ್ಪ ಕರಗಿಸಿ ತಂದೆವು.

ನಮ್ಮ ಬಂಧುಬಳಗ ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋಗಿದೆ. ಪಿರಿಯಾಪಟ್ಟಣದ ಅಕ್ಕನ ಮನೆಯಲ್ಲಿ ಕೊಡಗಿನ ಗಾಳಿ ಹೆಚ್ಚು. ಭಾವನವರು, "ಕೈಲುಮುಹೂರ್ತದ ಹಬ್ಬದಲ್ಲಿ ಕೊಡಗಿನವರು ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೀತಾರೆ. ನಿಮ್ಮ ಹುಡುಗಿ ಹತ್ತು ಮೀಟರಿನಲ್ಲಿ ಕಾಗದ ತೂತು ಮಾಡೋದಾ?" ಎಂದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಪಿಸ್ತೂಲಿಗೆ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರ ಹೆಸರು ಹೇಳಿ ಅವರ ಬಾಯಿ ಮುಚ್ಚಿಸಿದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜಮೀನಿರುವ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕಾಡಂದಿ ಬೀಳ್ತದೇನವ್ವ ಇದ್ರಲ್ಲಿ?" ಬೀಳುವುದಿಲ್ಲ ಎಂದಾಗ, "ಮತ್ಯಾಕೆ ಇಷ್ಟು ದುಡ್ಡು ಸುರುದ್ರಿ?" ಎಂದು ನಿಜವಾಗಿಯೂ ನೊಂದುಕೊಂಡರು. ಕೃಷ್ಣರಾಜನಗರದ ಭಾವಮೈದ ಮಾತ್ರ ಏನೂ ಕೇಳದೆ ತನ್ನ ಅಕ್ಕಿ ಗಿರಣಿಯ ಖಾಲಿ ಗೋದಾಮಿನ ಬೀಗದಕೈ ಕೊಟ್ಟ.

ಅಲ್ಲಿಯೇ ನಮ್ಮ ಅಭ್ಯಾಸಶಾಲೆ ಎದ್ದಿತು. ಟೇಪು ಹಿಡಿದು ಸರಿಯಾಗಿ 10 ಮೀಟರಿಗೆ ಗೆರೆ ಎಳೆದೆ. ಗುರಿಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರ. ಗುಂಡು ಹಿಂದಕ್ಕೆ ಚಿಮ್ಮದಂತೆ, ಮೇಲಿನ ಅಂಚು ಮುಂದಕ್ಕೆ ಬಾಗಿದ ಕಬ್ಬಿಣದ ತಗಡಿನ ಪೆಟ್ಟಿಗೆ. ಅದರ ಹಿಂದೆ ಮರಳು ತುಂಬಿದ ಚೀಲಗಳು. ಗುರಿಯ ಮೇಲೊಂದು ದೀಪ. ಗುಂಡು ಹಾರುವಾಗ ಬಾಗಿಲಿಗೆ ಒಳಗಿನಿಂದ ಚಿಲಕ. ಹೊಡೆಯದಿರುವಾಗ ನಳಿಗೆಯೊಳಗೆ ಎದ್ದುಕಾಣುವ ಬಣ್ಣದ ದಾರ ಇರಬೇಕು. ಅದು ಹೊರಗೆ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತದೆ. ಗುಂಡುಗಳು ಸೀಸದವು, ಆದ್ದರಿಂದ ಕೈತೊಳೆಯದೆ ಊಟದ ಡಬ್ಬಿ ಮುಟ್ಟುವಂತಿಲ್ಲ.

ಸಲಕರಣೆಯೆಂದರೆ ಪಿಸ್ತೂಲೇ ಎಂದು ನಾನು ತಿಳಿದಿದ್ದೆ. ಅದು ಕಡೆಯ ಮಾತು. ಮೊದಲನೆಯದು ಮರದ ಹಿಡಿ. ಅಂಗೈಗೆ ಎಲ್ಲಿ ಒತ್ತುತ್ತದೋ ಅಲ್ಲಿ ಉಪ್ಪುಕಾಗದ ಹಾಕಿ ಉಜ್ಜಬೇಕು, ಎಲ್ಲಿ ಸಡಿಲವೋ ಅಲ್ಲಿ ಮರದ ಪುಟ್ಟಿ ತುಂಬಬೇಕು. ಕೈ ಪ್ರತಿಸಲವೂ ಅದೇ ಜಾಗದಲ್ಲಿ ಕೂರಬೇಕು. ಎರಡನೆಯದು ಪಾದರಕ್ಷೆ: ಚಪ್ಪಟೆ ತಳದ್ದು, ಕಣಕಾಲು ಮುಚ್ಚದ್ದು. ಮೂರನೆಯದು ಗಾಳಿಯ ಸಿಲಿಂಡರು. ಅದಕ್ಕೆ ಹೆಚ್ಚೆಂದರೆ ಹತ್ತು ವರ್ಷದ ಆಯುಸ್ಸು. ಹಳೆಯ ಪಿಸ್ತೂಲು ಕೊಳ್ಳುವವರು ಮೊದಲು ನೋಡಬೇಕಾದದ್ದು ಅದರ ಮೇಲೆ ಕೆತ್ತಿದ ಇಸವಿಯನ್ನು. ಅದರೊಳಕ್ಕೆ 200 ಬಾರ್ ಒತ್ತಡದ ಗಾಳಿಯನ್ನು ಕೈಪಂಪಿನಿಂದ ತುಂಬುವುದು ನನ್ನ ಪಾಲಿಗೆ ಬಂದ ವ್ಯಾಯಾಮ.

ಇನ್ನು ವಿದ್ಯೆ. ಹೆಜ್ಜೆಗಳನ್ನು ಭುಜದಗಲಕ್ಕೆ ಊರಿ, ಕಣ್ಣು ಮುಚ್ಚಿ ಕೈಯೆತ್ತಿ, ಆಮೇಲೆ ಕಣ್ಣು ತೆರೆಯಬೇಕು. ಪಿಸ್ತೂಲು ಗುರಿಯ ಪಕ್ಕಕ್ಕಿದ್ದರೆ ಕೈಯನ್ನು ಎಳೆಯಬಾರದು. ಹಿಂದಿನ ಕಾಲನ್ನು ಸರಿಸಬೇಕು. ಉಸಿರೆಳೆದು ಗುರಿಯಿಂದ ಮೇಲಕ್ಕೆ ಎತ್ತಿ, ಅರ್ಧ ಉಸಿರು ಬಿಡುತ್ತ ಕಪ್ಪು ವೃತ್ತದ ಕೆಳಗಿನ ಬಿಳಿಗೆ ಇಳಿಸಬೇಕು. ಎಂಟು ಸೆಕೆಂಡಿನೊಳಗೆ ಗುಂಡು ಹೊರಡದಿದ್ದರೆ ಕೈಯಿಳಿಸಿ ಮತ್ತೆ ಮೊದಲಿಂದ. ಹೊಡೆಯದೆ ಇಳಿಸುವುದೇ ಕಲಿಯಲು ಕಷ್ಟವಾದದ್ದು. ಗುಂಡಿಲ್ಲದೆ ಬಿಳಿಗೋಡೆಯ ಎದುರು ಟ್ರಿಗರ್ ಎಳೆಯುವ ಅಭ್ಯಾಸವನ್ನು ಅವಳು ಹುಣಸೂರಿನ ಮನೆಯಲ್ಲೇ ದಿನಾ ಅರ್ಧ ಗಂಟೆ ಮಾಡುತ್ತಾಳೆ. ಖರ್ಚಿಲ್ಲ, ಸದ್ದಿಲ್ಲ.

"ಗುರಿ ನೋಡಮ್ಮ, ಗುರಿ ನೋಡು" ಎಂದು ನಾನು ಮೊದಮೊದಲು ಕೂಗುತ್ತಿದ್ದೆ. "ಗುರಿ ನೋಡಬಾರದಪ್ಪ, ಮುಂದಿನ ಸೈಟು ನೋಡಬೇಕು, ಗುರಿ ಮಸುಕಾಗಿಯೇ ಇರಬೇಕು" ಎಂದಳು. ಮೇಷ್ಟರ ಅಹಂಕಾರಕ್ಕೆ ಪೆಟ್ಟು ಬಿತ್ತು. ಮನೆಗೆ ಹೋಗಿ ಲೆಕ್ಕ ಹಾಕಿದೆ. ನಳಿಗೆಯ ತುದಿಯ ಕಡ್ಡಿಗೂ ಹಿಂದಿನ ಕಂಡಿಗೂ ನಡುವೆ ಸುಮಾರು 33 ಸೆಂಟಿಮೀಟರ್. ಗುರಿ ಇರುವುದು ಅದರ ಮೂವತ್ತು ಪಟ್ಟು ದೂರದಲ್ಲಿ. ತೋಳು ಇದ್ದಂತೆಯೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಆದರೆ ಕಂಡಿಯೊಳಗೆ ಕಡ್ಡಿ ಒಂದು ಮಿಲಿಮೀಟರ್ ವಾಲಿದರೆ ಗುಂಡು 30 ಮಿಲಿಮೀಟರ್ ಆಚೆ! ಹತ್ತು ಅಂಕದ ವೃತ್ತದ ಅಗಲವೇ 11.5 ಮಿಲಿಮೀಟರ್, ಆ ಗುಂಡು ಏಳಕ್ಕೆ ಹೋಗುತ್ತದೆ. ಕೈ ನಡುಗುವುದು ಸಹಜ, ಅದನ್ನು ಕ್ಷಮಿಸಬಹುದು. ಸೈಟು ವಾಲುವುದನ್ನು ಕ್ಷಮಿಸುವಂತಿಲ್ಲ. ಮಗಳು ಹೇಳಿದ್ದು ಸರಿಯಾಗಿತ್ತು.

ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ಬೆಂಗಳೂರಿನಲ್ಲಿ ಪಂದ್ಯ. ಏರ್ ಪಿಸ್ತೂಲಿನ ಟ್ರಿಗರ್ ಕಡಮೆಯೆಂದರೆ 500 ಗ್ರಾಂ ತೂಕ ತಾಳಬೇಕೆಂಬುದು ನಿಯಮ. ಪಿಸ್ತೂಲನ್ನು ಸಜ್ಜುಮಾಡಿ, ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು, ತೂಕವನ್ನು ಟ್ರಿಗರಿಗೆ ತಗುಲಿಸಿ ಎತ್ತಬೇಕು. ಎತ್ತುವಾಗ ಟ್ರಿಗರ್ ಬಿದ್ದರೆ ತಪ್ಪು. ಹಿಂದಿನ ದಿನದ ತಪಾಸಣೆಯಲ್ಲಿ ನಮ್ಮದು ಸಲೀಸಾಗಿ ಪಾಸಾಯಿತು. ರಾತ್ರಿ ಲಾಡ್ಜಿನಲ್ಲಿ ಮಗಳು, "ಬೆರಳು ಸೋತಿದೆ, ಟ್ರಿಗರ್ ಗಟ್ಟಿ ಅನ್ನಿಸ್ತಿದೆ" ಎಂದು ಹೇಳಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಎದ್ದು, ಸಣ್ಣ ತಿರುಪುಳಿಯಿಂದ ಟ್ರಿಗರಿನ ತಿರುಪನ್ನು ಒಂದಿಷ್ಟು ಸಡಿಲಿಸಿದೆ. ಒಂದಿಷ್ಟೇ. ಬೆಳಗ್ಗೆ ಅವಳು, "ಎಲ್ಲ ನೋಡಿದಿರಾ ಅಪ್ಪ?" ಎಂದು ಕೇಳಿದಾಗ, "ಸರಿಯಿದೆಯಮ್ಮ" ಎಂದೆ.

75 ನಿಮಿಷದಲ್ಲಿ ಅರವತ್ತು ಗುಂಡು. ಗಾಜಿನ ಹಿಂದೆ ಕುಳಿತು ನಾನು ಪರದೆಯ ಅಂಕಗಳನ್ನೇ ಕೂಡುತ್ತಿದ್ದೆ. 600ಕ್ಕೆ 557! ಅವಳು ಅದುವರೆಗೆ 548ನ್ನು ದಾಟಿರಲಿಲ್ಲ. ಪಂದ್ಯ ಮುಗಿದ ಮೇಲೆ ಚೀಟಿ ಎತ್ತಿ ಕೆಲವರ ಪಿಸ್ತೂಲನ್ನು ಮತ್ತೆ ಪರೀಕ್ಷಿಸುವ ಪದ್ಧತಿಯಿದೆ. ನಮ್ಮ ಹೆಸರು ಬಂತು. ಮೂರು ಅವಕಾಶ. ಮೊದಲ ಸಲ ಟ್ರಿಗರ್ ಬಿತ್ತು. ಎರಡನೆಯ ಸಲವೂ. ಮೂರನೆಯ ಸಲ ಅವಳು ಕೊಂಚ ಹೊತ್ತು ತೂಕವನ್ನೇ ನೋಡುತ್ತ ನಿಂತು, ಆಮೇಲೆ ಎತ್ತಿದಳು. ಅದೂ ಬಿತ್ತು. ಅವಳ ಹೆಸರಿನ ಮುಂದಿದ್ದ 557 ಅಳಿಸಿಹೋಯಿತು.

ಮೈಸೂರಿನವರೆಗೆ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮಸಾಲೆ ದೋಸೆ ಕೊಡಿಸುತ್ತೇನೆಂದೆ, ಬೇಡವೆಂದಳು. ಹುಣಸೂರಿನ ಬಸ್ಸು ಹತ್ತಿ ಕುಳಿತ ಮೇಲೆ ತಿರುಪಿನ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಟೋಕಿಯೋದಲ್ಲಿ ಮನು ಭಾಕರ್ ಪಿಸ್ತೂಲು ಪಂದ್ಯದ ನಡುವೆಯೇ ಕೆಟ್ಟುಹೋಯ್ತಲ್ಲ, 2021ರಲ್ಲಿ" ಎಂದಳು ಕೊನೆಗೆ. "ಫೈನಲ್ ತಪ್ಪಿಹೋಯ್ತು. ಆಮೇಲೆ ಮೂರು ವರ್ಷ ಬೇಕಾಯ್ತು."

"ಅವಳದು ತಾನಾಗಿ ಕೆಟ್ಟದ್ದು" ಎಂದೆ. "ಇದು ನಾನು ಕೆಡಿಸಿದ್ದು."

"ಹೌದು" ಎಂದಳು. ಸ್ವಲ್ಪ ತಡೆದು, "ಆದರೆ ಪಿಸ್ತೂಲು ನನ್ನದು. ತೂಕ ನಾನೇ ನೋಡಬೇಕಿತ್ತು" ಎಂದಳು.

ಮುಂದಿನ ಭಾನುವಾರ ಕೃಷ್ಣರಾಜನಗರಕ್ಕೆ ಹೋದೆವು. ಗೋದಾಮಿನ ಮೂಲೆಯಲ್ಲಿ ಹಳೆಯ ತಕ್ಕಡಿಯೊಂದು ಬಿದ್ದಿತ್ತು. ಅದರ ಅರ್ಧ ಕೆ.ಜಿ.ಯ ಕಲ್ಲನ್ನು ಅವಳು ಒರಸಿ, ತಂತಿಯ ಕೊಕ್ಕೆ ಕಟ್ಟಿದಳು. ಕೊಕ್ಕೆಯ ತೂಕ ಸೇರಿದರೆ 500 ಮೀರುತ್ತದಲ್ಲ ಎಂದೆ. "ಮೀರಲಿ. ಇದನ್ನು ಎತ್ತಿದರೆ ಅಲ್ಲಿಯದನ್ನೂ ಎತ್ತುತ್ತದೆ" ಎಂದಳು. ತಿರುಪುಳಿಗಾಗಿ ಕೈಚಾಚಿದಳು, ಜೇಬಿನಿಂದ ತೆಗೆದು ಕೊಟ್ಟೆ. ತಾನೇ ತಿರುಪು ಬಿಗಿದು, ಮೂರು ಸಲ ತೂಕ ಎತ್ತಿ ನೋಡಿ, ತಿರುಪುಳಿಯನ್ನು ತನ್ನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು.

"ಅಪ್ಪ, ಚಿಲಕ" ಎಂದಳು.

ಚಿಲಕ ಹಾಕಿ ಬಂದು, ಗುರಿ ಕಾಣದ ಕಡೆಗೆ ಮುಖಮಾಡಿ ಅಕ್ಕಿಮೂಟೆಯ ಮೇಲೆ ಕುಳಿತೆ. ಬಹಳ ಹೊತ್ತು ಸದ್ದೇ ಇಲ್ಲ. ಎತ್ತಿದ್ದಾಳೆ, ಹೊಡೆಯದೆ ಇಳಿಸಿದ್ದಾಳೆ ಎಂದು ಬಟ್ಟೆಯ ಸರಬರದಿಂದ ತಿಳಿಯಿತು. ಮತ್ತೆ ಎತ್ತಿದಳು. ತಗಡಿನ ಮೇಲೆ ಟಪ್ಪೆಂದು ಒಂದು ಸದ್ದು. ಎಷ್ಟು ಅಂಕವೆಂದು ಕೇಳಬೇಕೆನ್ನಿಸಿತು. ಕೇಳದೆ, ಸಿಲಿಂಡರಿಗೆ ಗಾಳಿ ಹಾಕುವ ಪಂಪನ್ನು ಹುಡುಕಲು ಎದ್ದೆ.