ತಾಗದೆ ಹೋದ ಗುಂಡು

'ಮೇಷ್ಟ್ರೇ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಮೂರು ಹೊತ್ತೂ ಶೂಟಿಂಗ್ ಗೇಮು' ಎನ್ನುತ್ತ ಒಂಬತ್ತನೇ ತರಗತಿಯ ಹುಡುಗನನ್ನು ಅವನ ತಂದೆ ನನ್ನ ಮುಂದೆ ತಂದು ನಿಲ್ಲಿಸಿದರು. ಬೈಯಲು ನಾನೂ ಸಿದ್ಧನಾದೆ.

'ಆಡ್ತಿಲ್ಲ ಸಾರ್, ಮಾಡ್ತಿದೀನಿ' ಎಂದ ಹುಡುಗ.

ನೋಟ್‌ಪ್ಯಾಡ್‌ನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಬ್ರೌಸರಿನಲ್ಲಿ ಓಡಿಸುವ ಆಟ. ಲ್ಯಾಬಿನ ಕಂಪ್ಯೂಟರಿನಲ್ಲಿ ತೋರಿಸಿದ. ಗುಂಡು ನೇರವಾಗಿ ಗುರಿಯತ್ತಲೇ ಹೋಗುತ್ತಿತ್ತು. ಎಷ್ಟೋ ಸಲ ತಾಗದೆ ಆಚೆ ದಾಟಿಬಿಡುತ್ತಿತ್ತು. ಮೂರು ರಾತ್ರಿಯಿಂದ ಅವನಿಗೆ ಇದೇ ಚಿಂತೆಯಂತೆ.

ಪರದೆಯ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಅವನ ಗುಂಡಿನ ವೇಗ ಸೆಕೆಂಡಿಗೆ 2,400 ಪಿಕ್ಸೆಲ್. 'ಭಾಗಿಸು' ಎಂದೆ. ಹೆಜ್ಜೆಗೆ 40 ಬಂತು. ಗುರಿಯ ದಪ್ಪವೋ ಬರೀ 20! ಒಂದು ಚಿತ್ರದಲ್ಲಿ ಗುಂಡು ಗುರಿಯ ಈಚೆ, ಮುಂದಿನದರಲ್ಲಿ ಆಚೆ. ನಡುವೆ ಅದು ಎಲ್ಲೂ ಇರಲೇ ಇಲ್ಲ.

ನಾನು ಮುಂದೆ ಹೇಳುವಷ್ಟರಲ್ಲಿ ಹುಡುಗ ಪ್ರತಿ ಹೆಜ್ಜೆಯನ್ನು ನಾಲ್ಕಾಗಿ ಒಡೆದು, ನಾಲ್ಕು ಸಲವೂ 'ತಾಗಿತೇ' ಎಂದು ನೋಡುವಂತೆ ತಿದ್ದಿದ್ದ. ಮೊದಲ ಗುಂಡು ಹೊಡೆದವರು ಅವನ ತಂದೆ. ತಾಗಿತು. ಇನ್ನೊಂದು ಹೊಡೆದರು.

ವೇಗ, ದೂರ, ಕಾಲದ ಕಿರುಪರೀಕ್ಷೆಯಲ್ಲಿ ಇದೇ ಹುಡುಗನಿಗೆ ನಾನು 10ಕ್ಕೆ 2 ಕೊಟ್ಟಿದ್ದೆ. ತಂದೆಯ ಸಹಿಗೆಂದು ಕಳಿಸಬೇಕಾದ ಆ ಉತ್ತರಪತ್ರಿಕೆ ಇನ್ನೂ ನನ್ನ ಮೇಜಿನ ಮೇಲೇ ಇದೆ.