ಬೆಳಕಿಂಡಿಯ ಕೆಳಗೆ ಮೂರು ಬಾಟ್ಲಿ

ಯುಗಾದಿ ಮುಗಿದ ವಾರ. ಹೋದ ದೀಪಾವಳಿಗೆ ಒಂದೇ ಮನಿ ಪ್ಲಾಂಟಿನಿಂದ ಕತ್ತರಿಸಿದ ಮೂರು ತುಂಡು, ಮೂರು ಬಾಟ್ಲಿ. ಒಂದು ಪಡಸಾಲೆಯ ಬೆಳಕಿಂಡಿಯ ಕೆಳಗೆ, ಒಂದು ಜೋಳದ ಚೀಲಗಳ ಮಗ್ಗುಲಿಗೆ, ಇನ್ನೊಂದು ಪಡುವಣ ಕಿಟಕಿಯಲ್ಲಿ. ಈಗ ಬಂದವರೆಲ್ಲ ಮೂರೂ ಬೇರೆ ಬೇರೆ ಗಿಡ ಅಂತಾರೆ. ಬೆಳಕಿಂಡಿಯದಕ್ಕೆ ಅರಿಶಿನ ಎರಚಿದಂಥ ಹಳದಿ. ಚೀಲದ ಮಗ್ಗುಲಿನದು ಅಪ್ಪಟ ಹಸಿರು, ಗೆಣ್ಣಿನಿಂದ ಗೆಣ್ಣಿಗೆ ಗೇಣುದ್ದ, ಬೆಳಕು ಹುಡುಕುತ್ತ ಬಾಗಿಲ ಕಡೆ ಹೊರಟಿದೆ. ಕಿಟಕಿಯದರ ಎಲೆ ಮೇಲೆ ರೊಟ್ಟಿ ಸೀದಂಥ ಕಲೆ.

ಕಲೆ ಅರ್ಥವಾಯಿತು. ನಮ್ಮೂರು ಇಟಗಿಯ ಏಪ್ರಿಲ್ ಸಂಜೆಬಿಸಿಲು ಮನುಷ್ಯರನ್ನೇ ಬಿಡುವುದಿಲ್ಲ. ಹಸಿರಾಗಿದ್ದು ಮಾತ್ರ ಒಗಟು. ಬಿಳಿ, ಹಳದಿ ಪಟ್ಟೆಯಲ್ಲಿ ಪತ್ರಹರಿತ್ತು ಇಲ್ಲ, ಇದ್ದರೂ ಕಡಿಮೆ. ಆ ಭಾಗ ಅಡುಗೆ ಮಾಡುವುದಿಲ್ಲ, ಉಣ್ಣುತ್ತದೆ ಅಷ್ಟೆ. ಬೆಳಕು ಕಡಿಮೆಯಾದರೆ ಹೊಸ ಎಲೆಗಳು ಹಸಿರಾಗುತ್ತ ಬರುತ್ತವೆ. ಬರಗಾಲದಲ್ಲಿ ಸಂಸಾರದವರೆಲ್ಲ ಕೂಲಿಗೆ ಹೋದ ಹಾಗೆ. ಹಳೆಯ ಎಲೆ ಇದ್ದ ಬಣ್ಣದಲ್ಲೇ ಉಳಿಯುತ್ತದೆ, ಹಾಗಾಗಿ ಬಳ್ಳಿಯ ಬುಡದಿಂದ ತುದಿಗೆ ಕಣ್ಣು ಹಾಯಿಸಿದರೆ ಬಾಟ್ಲಿ ಎಂದು ಕತ್ತಲೆಗೆ ಹೋಯಿತು ಅನ್ನುವುದು ಕಾಣುತ್ತದೆ.

ಭಾನುವಾರ. ಅಕ್ಕನ ಮಗಳು ಬೆಂಗಳೂರಿನಿಂದ ಮೂರು ಕುಂಡ ತಂದಳು. ಮೂರೂ ಮನಿ ಪ್ಲಾಂಟಿನವೇ ತಳಿ: ಮಾರ್ಬಲ್ ಕ್ವೀನ್, ಎನ್‌ಜಾಯ್, ಮಂಜುಳಾ. ಹೆಸರು ಕೇಳಿ ಅವ್ವ, "ಯಾರ ಮಗಳವಾ ಮಂಜುಳಾ?" ಅಂದಳು. ಎನ್‌ಜಾಯ್, ಮಂಜುಳಾ ಎರಡೂ ಭಾರತದ ತಳಿಗಾರರ ಕೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಪೇಟೆಂಟ್ ಪಡೆದವು ಅಂದೆ. ಅವ್ವನಿಗೆ ಅದರಿಂದ ಸಮಾಧಾನವಾಗಲಿಲ್ಲ.

ಒಂದು ವಾರ ನೋಡಿದ ಮೇಲೆ ಗುರುತು ಹತ್ತಿತು. ಮಾರ್ಬಲ್ ಕ್ವೀನ್‌ನಲ್ಲಿ ಹಸಿರು–ಬಿಳಿ ಒಂದರೊಳಗೊಂದು ಕಲಸಿವೆ, ಮೊಸರನ್ನದಲ್ಲಿ ಕೊತ್ತಂಬರಿ ಚೆಲ್ಲಿದಂತೆ. ಎನ್‌ಜಾಯ್ ಎಲೆ ಸಣ್ಣದು, ಬಿಳಿಗೂ ಹಸಿರಿಗೂ ನಡುವೆ ಬದುವು ಹಾಕಿದಷ್ಟು ಸ್ಪಷ್ಟ ಗಡಿ. ಅದೇ ಬಿಳಿಯ ಮೇಲೆ ಹಸಿರು ಚುಕ್ಕಿ ಸಿಡಿದಿದ್ದರೆ ಪರ್ಲ್ಸ್ ಅಂಡ್ ಜೇಡ್ ಅಂತೆ. ಫ್ಲೋರಿಡಾ ವಿಶ್ವವಿದ್ಯಾಲಯದ ತಳಿ. ಮಂಜುಳೆಯ ಎಲೆ ಅಗಲ, ಅಂಚು ನಿರಿಗೆ ಹಿಡಿದ ಹಾಗೆ ಅಲೆ ಅಲೆ. ಬಿಳಿ ಹೆಚ್ಚಿದ್ದಷ್ಟೂ ಬೆಳವಣಿಗೆ ನಿಧಾನ. ಚೀಲದ ಮಗ್ಗುಲಿನ ಹಸಿರು ನಾಲ್ಕು ಎಲೆ ಬಿಡುವಷ್ಟರಲ್ಲಿ ಎನ್‌ಜಾಯ್ ಒಂದನ್ನು ಬಿಚ್ಚಲೋ ಬೇಡವೋ ಅನ್ನುತ್ತ ಕೂತಿರುತ್ತದೆ.

ಮಾರ್ಬಲ್ ಕ್ವೀನ್ ಸಾಯುವುದರಲ್ಲಿತ್ತು, ತಪ್ಪು ನನ್ನದೇ. ಹೊಲದ ಎರೆ ಮಣ್ಣು ತುಂಬಿದ್ದೆ. ಕಡಲೆಗೆ ಬಂಗಾರದಂಥ ಮಣ್ಣು, ಕುಂಡದಲ್ಲಿ ಕೆಸರು: ನೀರು ಹಿಡಿದರೆ ಬಿಡುವುದಿಲ್ಲ, ಬೇರು ಕೊಳೆಯಿತು. ಈಗ ಮಸಾರಿ ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ. ಬೆರಳು ಎರಡು ಗೆಣ್ಣಿನಷ್ಟು ಇಳಿಸಿ ಒಣಗಿದ್ದರೆ ಮಾತ್ರ ನೀರು. ಗಾಜಿನ ಬಾಟ್ಲಿಗಳಿಗೆ ಪಾಚಿ ಕಟ್ಟುತ್ತಿತ್ತು, ಹಳೇ ಲುಂಗಿ ತುಂಡು ಸುತ್ತಿದೆ, ನಿಂತಿತು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ನಮ್ಮ ಮನೆಯಲ್ಲಿ ಸುಳ್ಳಾಯಿತು. ಮರಿ ಒಂದು ಎಲೆ ಕಚ್ಚಿತು, ತಲೆ ಒದರಿತು, ಉಗುಳಿತು. ಮನಿ ಪ್ಲಾಂಟು ಕೆಸು, ಸುವರ್ಣಗಡ್ಡೆಯ ಬಳಗ. ಎಲೆಯೊಳಗೆ ಆಕ್ಸಲೇಟಿನ ಸೂಜಿಹರಳು, ಬಾಯಿ ತುರಿಸುವುದು ಅದಕ್ಕೇ. ಕೂಸುಗಳ ಕೈಗೆ ಸಿಗದಂತೆ ಬಾಟ್ಲಿಗಳನ್ನು ಮೇಲಿನ ಗೂಡಿಗೆ ಏರಿಸಿದೆ.

ಊರ ಗುಡಿಗೆ ಹೋದಾಗ ಅಕ್ಕನ ಮಗಳು ಬಾಗಿಲವಾಡದ ಕಲ್ಲಿನ ಬಳ್ಳಿ ತೋರಿಸಿ, "ಮಾಮಾ, ಇಲ್ಲೂ ಮನಿ ಪ್ಲಾಂಟ್ ಐತಿ ನೋಡ್ರಿ" ಅಂದಳು. ಮಹಾದೇವ ದಂಡನಾಯಕ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಈ ಗುಡಿ ಕಟ್ಟಿಸಿದ್ದು 1112ರಲ್ಲಿ. ಶಾಸನ ಇದನ್ನು ದೇವಾಲಯ ಚಕ್ರವರ್ತಿ ಅನ್ನುತ್ತದೆ. ಮನಿ ಪ್ಲಾಂಟಿನ ತವರು ಪೆಸಿಫಿಕ್ ಸಾಗರದ ಮೂರಿಯಾ ದ್ವೀಪ. ಸಸ್ಯಶಾಸ್ತ್ರದವರು ಅದಕ್ಕೆ ಪೋತೋಸ್ ಅಂತ ಹೆಸರಿಟ್ಟಿದ್ದೇ 1880ರಲ್ಲಿ. ಕಲ್ಲುಕುಟಿಗ ಅದನ್ನು ಕಂಡಿರಲಾರ.

ಹೆಸರಿಟ್ಟವರೂ ಪೇಚಾಡಿದ್ದಾರೆ. ಗಿಡದ ಜಾತಿ ತಿಳಿಯಬೇಕಾದರೆ ಹೂವು ಬೇಕು, ಇದು ಹೂ ಬಿಡುವುದೇ ತೀರಾ ಅಪರೂಪ. 1962ರಲ್ಲಿ ಒಂದು ಹೂವು ಸಿಕ್ಕಿತೆಂದು ಹೆಸರು ಬದಲಾಯಿತು, 1964ರಲ್ಲಿ ಮತ್ತೆ ಬದಲಾಗಿ ಎಪಿಪ್ರೆಮ್ನಮ್ ಆರಿಯಮ್ ಎಂದಾಯಿತು. ಹೂ ಬಿಡಿಸುವ ಗಿಬ್ಬರೆಲಿನ್ ಅನ್ನುವ ಹಾರ್ಮೋನು ತಯಾರಿಸುವ ಜೀನು ಇದರಲ್ಲಿ ಕೆಟ್ಟಿದೆ ಎಂದು 2016ರಲ್ಲಿ ಸಂಶೋಧಕರು ಬರೆದರು.

ರಾತ್ರಿ, ಕರೆಂಟು ಹೋದಾಗ ಹೊಳೆದದ್ದು. ಹೂವಿಲ್ಲ, ಅಂದರೆ ಬೀಜವೂ ಇಲ್ಲ. ಹಾಗಾದರೆ ಮೂರಿಯಾದಿಂದ ನಮ್ಮ ಜೋಳದ ಚೀಲದ ತನಕ ಇದು ಬಂದಿದ್ದು ಬರೀ ಕೈಯಿಂದ ಕೈಗೆ, ಗೆಣ್ಣಿನಿಂದ ಗೆಣ್ಣಿಗೆ. ಯಾರೋ ಕೇಳಿ ಇಸಗೊಂಡರು, ಯಾರೋ ಮುರಿದು ಸೆರಗಿನೊಳಗೆ ಇಟ್ಟರು. ಕದ್ದು ತಂದರೆ ಚಲೋ ಹಬ್ಬುತ್ತದೆ ಅನ್ನುವ ಮಾತಿಗೆ ಇಷ್ಟು ದಿನ ನಗುತ್ತಿದ್ದೆ. ಕೈ ಹಾಕುವವರು ಇಲ್ಲದಿದ್ದರೆ ಇದು ಹಬ್ಬುವುದಾದರೂ ಹೇಗೆ? ಪಟ್ಟೆಯವಕ್ಕಂತೂ ಕತ್ತರಿಯೇ ಕಾವಲು. ಬರೀ ಹಸಿರು ಕುಡಿ ಬಂದರೆ ಬಣ್ಣ ಇದ್ದ ಕೊನೆಯ ಗೆಣ್ಣಿಗೆ ಕತ್ತರಿಸಬೇಕು, ಬಿಟ್ಟರೆ ಅದೇ ಇಡೀ ಕುಂಡ ನುಂಗುತ್ತದೆ. ಬರೀ ಬಿಳಿಯ ಕುಡಿಯೂ ಬಾಳುವುದಿಲ್ಲ, ಅಡುಗೆ ಮಾಡುವವರೇ ಇಲ್ಲವಲ್ಲ.

ಮಂಗಳವಾರ. ಕಟ್ಟೆಯ ಮೇಲೆ ಗಾಳಿಗಿಟ್ಟಿದ್ದ ಎನ್‌ಜಾಯ್‌ನ ಉದ್ದದ ಕುಡಿ ಮಾಯ. ಅವ್ವನನ್ನು ಕೇಳಿದೆ. "ಹಬ್ಬಲಿ ಬಿಡು," ಅಂದಳು, ಯಾರು ಅಂತ ಮಾತ್ರ ಬಾಯಿ ಬಿಡಲಿಲ್ಲ. ಬಗ್ಗಿ ನೋಡಿದೆ. ಹರಿದದ್ದಲ್ಲ. ಓರೆಯಾಗಿ, ಗೆಣ್ಣಿನ ಕೆಳಗೆ ಬೆರಳಗಲ ಬಿಟ್ಟು ಕತ್ತರಿಸಿದ್ದಾರೆ.